ಗುಂಡಿ ಒತ್ತಿದ್ದು ಬೆರಳು, ಒಪ್ಪಿದ್ದು ಯಾರು?

ಈಚೆಗೆ ಧಾರವಾಡದ ಒಂದು ವಿಚಾರಗೋಷ್ಠಿಯಲ್ಲಿ ನಾನೊಂದು ಮಾತು ಹೇಳಿದೆ. ಮೊಬೈಲಿಗೆ ಬರುವ ಸಂಶೋಧನಾ ಪ್ರಶ್ನಾವಳಿಗಳ ಮೊದಲ ಪುಟದಲ್ಲಿ ಒಂದು ಒಪ್ಪಿಗೆ ಪತ್ರ ಇರುತ್ತದಲ್ಲ, ಅದರಲ್ಲಿ ಏನಿದೆ ಎಂಬುದು ತುಂಬುವವರಲ್ಲಿ ಬಹಳ ಜನಕ್ಕೆ ತಿಳಿದಿರುವುದಿಲ್ಲ. ತಿಳಿಯದೆ ಕೊಟ್ಟ ಒಪ್ಪಿಗೆಯನ್ನು ಒಪ್ಪಿಗೆ ಎಂದು ಲೆಕ್ಕಕ್ಕೆ ಹಿಡಿಯಬಾರದು ಎಂದೆ. ಅಷ್ಟಕ್ಕೆ ಊಟದ ಪಂಕ್ತಿಯಲ್ಲೇ ವಾದ ಶುರುವಾಯಿತು. ಆಮೇಲೆ ಫೋನಿನಲ್ಲಿ, ಪತ್ರಗಳಲ್ಲಿ ಮುಂದುವರಿಯಿತು. ವಾದಕ್ಕೆ ನಿಂತವರೆಲ್ಲ ಓದಿಕೊಂಡವರು, ಪಿಎಚ್‌ಡಿಗೆ ಗೈಡ್ ಆಗಿರುವವರು. ಅವರ ಒಂದೊಂದು ಮಾತನ್ನೂ ಅವರು ಹೇಳಿದ ಹಾಗೆಯೇ ಮುಂದಿಟ್ಟು ಉತ್ತರ ಕೊಡುತ್ತೇನೆ. ತೀರ್ಪು ಓದುಗರದು.

ನಾನು ಕನ್ನಡ ಕಲಿಸಿ ನಿವೃತ್ತನಾದವನು. ಹುಬ್ಬಳ್ಳಿ-ಧಾರವಾಡ ಅವಳಿನಗರದ ಒಂದು ಸಂಸ್ಥೆಯಲ್ಲಿ, ಸಂಶೋಧನೆಗಳನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯಲ್ಲಿ ಕೆಲವು ವರ್ಷ ಸದಸ್ಯನಾಗಿದ್ದೆ. ವಿಜ್ಞಾನಿಯಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಸಮಿತಿಯಲ್ಲಿ ಇರಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮವಿದೆ. ಆ ಕುರ್ಚಿ ನನ್ನದಾಗಿತ್ತು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಡಿಮ್ಹಾನ್ಸ್, ಐಐಟಿ, ಸತ್ತೂರಿನ ಮೆಡಿಕಲ್ ಕಾಲೇಜು, ಹುಬ್ಬಳ್ಳಿಯ ಕಿಮ್ಸ್ ಎಲ್ಲ ಒಂದೇ ಹಾದಿಯ ಆಚೀಚೆ ಇರುವ ಊರು ಇದು. ಇಲ್ಲಿ ಪ್ರಶ್ನೆ ಕೇಳುವವರಿಗೆ ಬರವಿಲ್ಲ. ಯಾವ ಸಂಸ್ಥೆಯ ಕಡೆಗೂ ನಾನು ಬೊಟ್ಟು ಮಾಡುತ್ತಿಲ್ಲ. ನನ್ನ ತಕರಾರು ಒಂದು ರೂಢಿಯ ಮೇಲೆ.

ಮೊದಲ ವಾದ: "ಅವರು 'ಒಪ್ಪುತ್ತೇನೆ' ಎಂದು ಒತ್ತಿದ್ದಾರೆ. ಒತ್ತಿದ ಮೇಲೆ ಓದಿದ್ದಾರೆ ಎಂದೇ ಅರ್ಥ. ವಯಸ್ಕರ ಮಾತನ್ನು ನಂಬಬೇಕು." ಕೇಳಲು ಗೌರವದ ಮಾತು. ಆದರೆ ಇದನ್ನು ಹೇಳುವವರು ತಾವೇ ಇದನ್ನು ನಂಬುವುದಿಲ್ಲ. ಅವರ ಪ್ರಬಂಧಗಳಲ್ಲಿ ವಿಧಾನದ ಅಧ್ಯಾಯ ತೆಗೆದು ನೋಡಿ. ಪ್ರಶ್ನಾವಳಿಯ ನಡುವೆ "ಈ ಪ್ರಶ್ನೆಗೆ ಎರಡನೆಯ ಉತ್ತರವನ್ನೇ ಆರಿಸಿ" ಎಂಬ ಬಲೆಯ ಪ್ರಶ್ನೆ ಇಟ್ಟಿರುತ್ತಾರೆ. ಅದರಲ್ಲಿ ಸಿಕ್ಕಿಬಿದ್ದವರ ಉತ್ತರಗಳನ್ನು ಕಿತ್ತುಹಾಕುತ್ತಾರೆ. ತೀರಾ ಬೇಗ ಮುಗಿಸಿದವರನ್ನೂ "ಓದದೆ ತುಂಬಿದ್ದಾರೆ" ಎಂದು ಬಿಡುತ್ತಾರೆ. ಸರಿಯಾದ ಕ್ರಮವೇ. ಆದರೆ ಅದೇ ಮನುಷ್ಯ, ಅದೇ ಫೋನು, ಅದೇ ಐದು ನಿಮಿಷ. ಪ್ರಶ್ನೆಗಳನ್ನು ಓದಿದನೋ ಇಲ್ಲವೋ ಎಂದು ಇಷ್ಟು ಅನುಮಾನ ಪಡುವವರು ಒಪ್ಪಿಗೆ ಪತ್ರವನ್ನು ಮಾತ್ರ ಅಕ್ಷರಶಃ ಓದಿದ ಎಂದು ಹೇಗೆ ನಂಬಿದರು? ತಮ್ಮ ಅಂಕಿಅಂಶ ಕೆಡುತ್ತದೆ ಎಂದಾಗ ಅನುಮಾನ. ತುಂಬುವವನ ಹಕ್ಕಿನ ಮಾತು ಬಂದಾಗ ಪೂರ್ಣ ವಿಶ್ವಾಸ. ವಯಸ್ಕರ ಮೇಲಿನ ಗೌರವ ಹೀಗೆ ಪುಟದಿಂದ ಪುಟಕ್ಕೆ ಬದಲಾಗಬಾರದು.

ಒತ್ತುವುದಕ್ಕೂ ಓದುವುದಕ್ಕೂ ಎಷ್ಟು ದೂರ ಎಂಬುದನ್ನು ಅಳೆದವರಿದ್ದಾರೆ. ಅಮೆರಿಕದಲ್ಲಿ 543 ವಿದ್ಯಾರ್ಥಿಗಳಿಗೆ 'ನೇಮ್‌ಡ್ರಾಪ್' ಎಂಬ ಇಲ್ಲದ ಸಾಮಾಜಿಕ ಜಾಲತಾಣವೊಂದನ್ನು ತೋರಿಸಿ, ಸೇರಿಕೊಳ್ಳಿ ಎಂದರು. ಶೇ. 74ರಷ್ಟು ಮಂದಿ ಖಾಸಗಿತನದ ನಿಯಮಗಳನ್ನು ತೆರೆಯದೆಯೇ ದಾಟಿದರು. ಅವನ್ನು ಓದಲು ಸುಮಾರು ಅರ್ಧ ಗಂಟೆ ಬೇಕಿತ್ತು. ತೆರೆದವರು ಅಲ್ಲಿ ಕಳೆದದ್ದು ಸರಾಸರಿ 73 ಸೆಕೆಂಡು. ಸೇರುವ ಶರತ್ತುಗಳಲ್ಲಿ ನಿಮ್ಮ ಚೊಚ್ಚಲ ಮಗುವನ್ನು ಕೊಡಬೇಕು ಎಂದು ಬೇಕೆಂದೇ ಬರೆದಿಟ್ಟಿದ್ದರು. ಇಂಥ ಶರತ್ತುಗಳು ಶೇ. 98ರಷ್ಟು ಜನರ ಕಣ್ಣಿಗೆ ಬೀಳಲಿಲ್ಲ. "ಅದು ಕಂಪನಿಯ ಷರತ್ತು, ನಮ್ಮದು ಸಂಶೋಧನೆ" ಎಂದು ಒಬ್ಬರು ನನಗೆ ತಿರುಗಿ ಹೇಳಿದರು. ತುಂಬುವವರ ಬೆರಳಿಗೆ ಆ ವ್ಯತ್ಯಾಸ ಗೊತ್ತಿಲ್ಲ. ಗ್ಯಾಸ್ ಬುಕಿಂಗ್, ಬ್ಯಾಂಕಿನ ಆ್ಯಪ್, ರೀಚಾರ್ಜ್, ಎಲ್ಲ ಕಡೆ ಒಪ್ಪಿ ಒಪ್ಪಿ ಪಳಗಿದ ಬೆರಳು ಅದು. ಸಂಶೋಧಕರ ಪತ್ರವೂ ಅದೇ ಪರದೆಯ ಮೇಲೆ, ಅದೇ ತರಹದ ಗುಂಡಿಯ ಜೊತೆಗೇ ಬರುತ್ತದೆ.

ಎರಡನೆಯ ವಾದ ಭಾಷೆಯದು. "ನಮ್ಮ ಭಾಗಿದಾರರು ಪದವಿ ಓದಿದವರು, ಇಂಗ್ಲಿಷ್ ಸಾಕು, ಉಳಿದವರಿಗೆ ಕನ್ನಡ ಅನುವಾದ ಇದ್ದೇ ಇದೆ, ಅದನ್ನು ಮತ್ತೆ ಇಂಗ್ಲಿಷಿಗೆ ತಂದು ತಾಳೆಯನ್ನೂ ನೋಡಿದ್ದೇವೆ." ಇಂಗ್ಲಿಷ್ ಸಾಕು ಎನ್ನುವವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಭಾಗಿದಾರರಿಗೆ ತಿಳಿಯುವ ಭಾಷೆಯಲ್ಲಿ, ಸರಳವಾಗಿ ಹೇಳಬೇಕೆಂದು ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ. ಮಾಹಿತಿ ಪಡೆಯುವಾಗ ಕೊಡುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಯಲ್ಲಿ ನೋಡುವ ಅವಕಾಶವಿರಬೇಕು ಎನ್ನುತ್ತದೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. "ಆ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ" ಎಂದು ಕೂಡಲೇ ನೆನಪಿಸುವವರಿದ್ದಾರೆ. ಇದೆ, ಶರತ್ತುಗಳೊಡನೆ ಇದೆ. ದತ್ತಾಂಶ ಕಾಯ್ದೆಯ ವಿನಾಯಿತಿ ಮಂಡಳಿಯ ಮಾರ್ಗಸೂಚಿಗೆ ವಿನಾಯಿತಿ ಅಲ್ಲ.

ಅನುವಾದದ ಮಾತು ಹೆಚ್ಚು ಮುಖ್ಯ, ಏಕೆಂದರೆ ಅಲ್ಲಿ ಕೆಲಸ ಮಾಡಿದ್ದೇವೆ ಎಂಬ ಸಮಾಧಾನ ಇದೆ. ನಮ್ಮ ಓಣಿಯಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಹೆಣ್ಣುಮಗಳು ಒಂದು ಸಂಜೆ ಫೋನ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಮಹಿಳಾ ಸಂಘದ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಲಿಂಕ್ ಬಂದಿತ್ತು. ದುಡಿಯುವ ಹೆಂಗಸರ ಮನಸ್ಸಿನ ಒತ್ತಡ, ಮನೆಯ ಹೊಂದಾಣಿಕೆ ಕುರಿತ ಪ್ರಶ್ನಾವಳಿ. ಮೊದಲ ಪುಟ ಆಗಲೇ ದಾಟಿದ್ದರು. ನಾನು ಹಿಂದಕ್ಕೆ ಹೋಗಿ ನೋಡಿದೆ. ಅಲ್ಲಿದ್ದ ವಾಕ್ಯ ಹೀಗಿತ್ತು: "ಸದರಿ ಅಧ್ಯಯನದಲ್ಲಿ ತಮ್ಮ ಸಹಭಾಗಿತ್ವವು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು, ಯಾವುದೇ ಹಂತದಲ್ಲಿ ದಂಡನಾತ್ಮಕ ಪರಿಣಾಮಗಳಿಲ್ಲದೆ ಹಿಂತೆಗೆದುಕೊಳ್ಳಲು ತಾವು ಸ್ವತಂತ್ರರಿರುತ್ತೀರಿ."

"ಇದರಾಗ ಏನ್ ಬರದಾರ?" ಎಂದು ಕೇಳಿದೆ.

"ದಂಡ ಅಂತ ಬರದಾರ್ರಿ ಸರ. ನಡುವ ಬಿಟ್ರ ದಂಡ ಹಾಕ್ತಾರ್ರಿ. ಅದಕ್ಕ ಪೂರಾ ತುಂಬಬೇಕಂತ ಕುಂತೀನ್ರಿ."

ಬಿಡಬಹುದು ಎಂದು ಹೇಳಲು ಬರೆದ ವಾಕ್ಯ, ಬಿಟ್ಟರೆ ದಂಡ ಎಂದು ಹೆದರಿಸಿತ್ತು. ಆಕೆ ಏಳನೆಯ ಇಯತ್ತೆಯವರೆಗೆ ಕನ್ನಡದಲ್ಲೇ ಓದಿದವರು, ಸಂಘದ ಲೆಕ್ಕದ ಪುಸ್ತಕ ಬರೆಯುವವರು. ದಡ್ಡರಲ್ಲ. ಆ ವಾಕ್ಯದಲ್ಲಿ ಆಕೆಗೆ ಪರಿಚಯದ ಪದ ಒಂದೇ, ಅದು ದಂಡ. ಸಂಘದ ಕಂತು ತಡವಾದರೆ ಹಾಕುವ ದಂಡ. ಈ ವಾಕ್ಯವನ್ನು ಮರಳಿ ಇಂಗ್ಲಿಷಿಗೆ ತಂದು ನೋಡಿ, ಒಂದಕ್ಷರ ಆಚೀಚೆ ಇರುವುದಿಲ್ಲ. ಏಕೆಂದರೆ ಮರಳಿ ತರುವವನಿಗೆ ಎರಡೂ ಭಾಷೆ ಗೊತ್ತು. ಆ ತಾಳೆ ಅನುವಾದಕರಿಬ್ಬರು ಪರಸ್ಪರ ಒಪ್ಪಿದ್ದಾರೆ ಎಂದು ತೋರಿಸುತ್ತದೆ. ಹೊಲಿಗೆ ಯಂತ್ರದ ಮುಂದೆ ಕೂತವರಿಗೆ ತಿಳಿಯಿತೇ ಎಂಬುದು ಅದರ ಪ್ರಶ್ನೆಯೇ ಅಲ್ಲ. "ಮನಸ್ಸಿದ್ದರೆ ತುಂಬಿರಿ. ನಡುವೆ ಬೇಡ ಅನಿಸಿದರೆ ಬಿಡಿರಿ, ಯಾರೂ ಏನೂ ಅನ್ನುವುದಿಲ್ಲ" ಎಂದು ಬರೆಯಲು ಯಾವ ಗ್ರಂಥವೂ ಅಡ್ಡ ಬರುವುದಿಲ್ಲ. 'ಯಾದೃಚ್ಛಿಕ ಹಂಚಿಕೆ' ಎನ್ನುವಲ್ಲಿ ಚೀಟಿ ಎತ್ತಿದ ಹಾಗೆ ಎಂದರೆ ಶಾಸ್ತ್ರಕ್ಕೆ ಕುಂದೇನು?

ಮೂರನೆಯದು, ಬಹಳ ಸಲ ಕೇಳಿಬರುವ ವಾದ: "ಇದು ಬರೀ ಪ್ರಶ್ನಾವಳಿ. ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ. ಅಪಾಯ ನಗಣ್ಯ." ಖಿನ್ನತೆ ಅಳೆಯಲು ಎಲ್ಲರೂ ಬಳಸುವ ಪಿಎಚ್‌ಕ್ಯೂ-9 ಎಂಬ ಪಟ್ಟಿಯ ಒಂಬತ್ತನೆಯ ಪ್ರಶ್ನೆ ಏನು ಕೇಳುತ್ತದೆ? ಸತ್ತರೆ ವಾಸಿ ಎಂದೋ, ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂದೋ ಕಳೆದ ಎರಡು ವಾರದಲ್ಲಿ ಎಷ್ಟು ಸಲ ಅನಿಸಿತು ಎಂದು. ಆಸ್ಪತ್ರೆಯಲ್ಲಿ ಇದನ್ನು ಕೇಳುವ ಡಾಕ್ಟರು ಎದುರಿಗೆ ಕೂತಿರುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ "ಹೆಚ್ಚುಕಡಿಮೆ ದಿನಾ" ಎಂದು ಒತ್ತಿದ ಹುಡುಗನಿಗೆ ಪರದೆ ಕೊಡುವ ಉತ್ತರ "ನಿಮ್ಮ ಪ್ರತಿಕ್ರಿಯೆ ದಾಖಲಾಗಿದೆ" ಎಂದು. ನಾನು ನೋಡಿದ ಹಲವು ಫಾರ್ಮುಗಳಲ್ಲಿ ಟೆಲಿ-ಮಾನಸ್‌ನ 14416 ಎಂಬ ನಂಬರು ಕೂಡ ಇರಲಿಲ್ಲ. ಇಂಥ ಪ್ರಶ್ನೆ ಬರುತ್ತದೆ ಎಂದು ಮೊದಲ ಪುಟದಲ್ಲಿ ಹೇಳಿದ್ದೂ ಇಲ್ಲ. "ಕೆಲವು ಪ್ರಶ್ನೆಗಳು ಸ್ವಲ್ಪ ಅಸಹಜವೆನಿಸಬಹುದು" ಎಂದಷ್ಟೇ.

'ಅನಾಮಧೇಯ' ಎಂಬ ಆಶ್ವಾಸನೆಯ ಕತೆಯೂ ಇದೇ. ಮೊದಲ ಪುಟದಲ್ಲಿ "ನಿಮ್ಮ ಗುರುತು ಯಾರಿಗೂ ತಿಳಿಯದು", ಎರಡನೆಯ ಪುಟದಲ್ಲಿ ಕೆಂಪು ಚುಕ್ಕಿ ಹಾಕಿ ಹೆಸರು, ಇ-ಮೇಲ್, ಫೋನ್ ನಂಬರು. ಹೆಸರು ಕೇಳದಿದ್ದರೂ ಜಾತಿ, ತಾಲೂಕು, ಓದುವ ವಿಭಾಗ, ಸೆಮಿಸ್ಟರ್ ನಾಲ್ಕನ್ನೂ ಕೇಳಿದರೆ ಮೂವತ್ತು ಮಂದಿಯ ತರಗತಿಯಲ್ಲಿ ಗುರುತು ಹಿಡಿಯಲು ಇನ್ನೇನು ಬೇಕು? ಅಪಾಯ ನಗಣ್ಯವಾಗಿದ್ದರೆ ಪತ್ರವೂ ನಾಲ್ಕು ಸಾಲಿನದಾಗಿರಬೇಕಿತ್ತು, ಹೇಳಲು ಅಷ್ಟೇ ಇರುತ್ತದೆ. ಅಪಾಯ ಇಲ್ಲ ಎನ್ನುತ್ತಲೇ ಎರಡು ಪುಟದ ಕಾನೂನಿನ ಭಾಷೆ ಬರೆಯುವವರು ಯಾರನ್ನು ಕಾಯುತ್ತಿದ್ದಾರೆ ಎಂಬುದನ್ನು ಅವರೇ ಹೇಳಲಿ. 2012ರ ಜನವರಿಯಲ್ಲಿ ಒಂದು ವಾರ ಫೇಸ್‌ಬುಕ್ 6,89,003 ಮಂದಿಯ ಪುಟದಲ್ಲಿ ಸಂತೋಷದ, ದುಃಖದ ಸುದ್ದಿಗಳನ್ನು ಹೆಚ್ಚುಕಡಿಮೆ ಮಾಡಿ ಅವರ ಮನಸ್ಸಿನ ಮೇಲೆ ಏನಾಗುತ್ತದೆ ಎಂದು ನೋಡಿತು. ಖಾತೆ ತೆರೆಯುವಾಗ ನಿಯಮಗಳನ್ನು ಒಪ್ಪಿದ್ದರಲ್ಲ, ಅದೇ ಸಮ್ಮತಿ ಎಂದರು. 2014ರಲ್ಲಿ ಪ್ರಬಂಧ ಹೊರಬಂದಾಗ ಅದನ್ನು ಅಚ್ಚು ಹಾಕಿದ ಪತ್ರಿಕೆಯೇ ಕಳವಳದ ಟಿಪ್ಪಣಿ ಪ್ರಕಟಿಸಬೇಕಾಯಿತು. ಅಲ್ಲಿಯೂ ಸೂಜಿ ಚುಚ್ಚಿರಲಿಲ್ಲ.

ನಾಲ್ಕನೆಯ ವಾದದಲ್ಲಿ ಹುರುಳಿದೆ, ಹಾಗಾಗಿ ನಿಧಾನವಾಗಿ ನೋಡೋಣ: "ಕಾಗದದ ಮೇಲೂ ಜನ ಓದುವುದಿಲ್ಲ, ತಿಳಿದುಕೊಳ್ಳುವುದಿಲ್ಲ. ಆನ್‌ಲೈನನ್ನು ಮಾತ್ರ ಏಕೆ ಹಿಡಿದು ಜಗ್ಗುತ್ತೀರಿ?" ನಿಜ. ಮೂರು ದಶಕಗಳಲ್ಲಿ ನಡೆದ 103 ಅಧ್ಯಯನಗಳನ್ನು ಒಟ್ಟು ಮಾಡಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಒಪ್ಪಿಗೆಯ ಬೇರೆ ಬೇರೆ ಅಂಶಗಳನ್ನು ತಿಳಿದುಕೊಂಡವರ ಪ್ರಮಾಣ ಶೇ. 52.1ರಿಂದ 75.8ರವರೆಗೆ ಇತ್ತು. ಚೀಟಿ ಎತ್ತಿದಂತೆ ಗುಂಪು ಮಾಡುತ್ತಾರೆ ಎಂಬುದು ಅರ್ಧದಷ್ಟು ಜನರಿಗೆ ಮಾತ್ರ ಗೊತ್ತಿತ್ತು. ಕಾಗದದ ಮೇಲೆ ಇನ್ನೂ ಕೆಟ್ಟದ್ದು ನಡೆದಿದೆ. 2009-10ರಲ್ಲಿ, ಆಗ ಆಂಧ್ರದಲ್ಲಿದ್ದ ಖಮ್ಮಂನಲ್ಲಿ ಶಾಲೆಯ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಹಾಕಿದಾಗ, 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು ಎಂಬುದನ್ನು ಸಂಸತ್ತಿನ ಸ್ಥಾಯಿ ಸಮಿತಿ 2013ರ ವರದಿಯಲ್ಲಿ ಎತ್ತಿ ತೋರಿಸಿತು. ಆನ್‌ಲೈನಿನಲ್ಲಿ ಒಂದು ಅನುಕೂಲವೂ ಇದೆ, ಅದನ್ನು ಮುಚ್ಚಿಡುವುದಿಲ್ಲ: ಎದುರಿಗೆ ಬಿಳಿ ಕೋಟಿನವರು ನಿಂತಿರುವುದಿಲ್ಲವಾದ್ದರಿಂದ ಬೇಡ ಎನ್ನಲು ಸಂಕೋಚ ಕಡಿಮೆ.

ಆದರೆ ವಾದ ಏನಾಯಿತು? ಪಕ್ಕದ ಮನೆಯ ಮಾಳಿಗೆಯೂ ಸೋರುತ್ತದೆ ಎಂದ ಮಾತ್ರಕ್ಕೆ ನಮ್ಮ ಮಾಳಿಗೆ ಗಟ್ಟಿಯಾಗುವುದಿಲ್ಲ. ಎದುರಿಗೆ ಕೂತು ಕೇಳುವಾಗ ಮುಖ ಕಾಣುತ್ತದೆ. ಹುಬ್ಬು ಗಂಟಿಕ್ಕಿದರೆ, "ಹೂಂ" ತಡವಾಗಿ ಬಂದರೆ ಇನ್ನೊಮ್ಮೆ ಹೇಳಬಹುದು. ಫಾರ್ಮಿಗೆ ಕಣ್ಣಿಲ್ಲ. ಕಾಗದದಲ್ಲೇ ಇಷ್ಟೊಂದು ಜನಕ್ಕೆ ತಿಳಿಯದಿದ್ದರೆ ಕೇಳುವವರೇ ಇಲ್ಲದ ಕಡೆ ಹೆಚ್ಚು ಜಾಗ್ರತೆ ಬೇಕು ಎಂಬುದು ಅದರಿಂದ ಹೊರಡುವ ತೀರ್ಮಾನ, ಕಡಿಮೆ ಸಾಕು ಎಂಬುದಲ್ಲ. ಇನ್ನು ಸಂಕೋಚ ಕಡಿಮೆ ಎಂಬ ಆ ಅನುಕೂಲವನ್ನೂ ನಮ್ಮ ರೂಢಿ ಕಸಿದುಕೊಂಡಿದೆ. ಲಿಂಕ್ ಬರುವುದು ತರಗತಿಯ ಗ್ರೂಪಿಗೆ, ಕಳಿಸುವವರು ಇಂಟರ್ನಲ್ ಅಂಕ ಹಾಕುವ ಮೇಡಮ್ಮು. ಕೆಳಗೆ ಒಂದು ಸಾಲು: ಎಲ್ಲರೂ ಇಂದೇ ತುಂಬಿ, ಮುಗಿದ ಮೇಲೆ ಸ್ಕ್ರೀನ್‌ಶಾಟ್ ಹಾಕಿ. ರಾತ್ರಿಯೊಳಗೆ ನಲವತ್ತು ಸ್ಕ್ರೀನ್‌ಶಾಟ್ ಬಂದು ಬೀಳುತ್ತವೆ. ಫಾರ್ಮಿನೊಳಗೆ 'ಸ್ವಯಂಪ್ರೇರಿತ' ಎಂದು ಎಷ್ಟು ದಪ್ಪ ಅಕ್ಷರದಲ್ಲಿ ಬರೆದರೇನು, ಹಾಕದವರ ಹೆಸರು ಗ್ರೂಪಿನಲ್ಲಿ ತಾನಾಗಿ ಗೊತ್ತಾಗುತ್ತದೆ.

"ಎಥಿಕ್ಸ್ ಕಮಿಟಿ ಒಪ್ಪಿದೆ, ಇನ್ನೇನು?" ಎಂಬ ಐದನೆಯ ವಾದಕ್ಕೆ ಒಳಗಿದ್ದವನಾಗಿ ಉತ್ತರಿಸುತ್ತೇನೆ. ನಮ್ಮ ಮುಂದೆ ಬರುತ್ತಿದ್ದುದು ಅಚ್ಚುಕಟ್ಟಾಗಿ ಟೈಪ್ ಮಾಡಿದ ಎ4 ಹಾಳೆ. ಅದೇ ಪಠ್ಯ ಫೋನಿನ ಪರದೆಯಲ್ಲಿ ಹೇಗೆ ಕಾಣುತ್ತದೆ ಎಂದು ನಾನು ಒಮ್ಮೆ ತೆರೆದು ನೋಡಿದೆ. ಮೇಲೆ ಕಾಲೇಜಿನ ಕಟ್ಟಡದ ಚಿತ್ರ, ಅದರ ಕೆಳಗೆ ಬೂದು ಬಣ್ಣದ ಸಣ್ಣ ಅಕ್ಷರಗಳು, ಪ್ಯಾರಾ ಮುರಿಯದೆ ಸುರಿದ ಗೋಡೆಯಂಥ ಬರಹ. ಐದು ಸಲ ಬೆರಳಾಡಿಸಿದ ಮೇಲೆ ಎರಡು ಆಯ್ಕೆ. 'ಒಪ್ಪುವುದಿಲ್ಲ' ಎಂದು ಒತ್ತಿದೆ. ಪ್ರಶ್ನೆಗಳು ಹಾಗೆಯೇ ಮುಂದುವರಿದವು! ಇದನ್ನು ನಾವೆಲ್ಲ ಕೂತು ಮಂಜೂರು ಮಾಡಿದ್ದೆವು. ತಪ್ಪು ನನ್ನದೂ ಹೌದು. ಎಲೆಕ್ಟ್ರಾನಿಕ್ ಒಪ್ಪಿಗೆಗೆ 2017ರ ಮಾರ್ಗಸೂಚಿ ಅವಕಾಶ ಕೊಟ್ಟಿದೆ. ಆದರೆ ಬಳಸುವ ಸಾಮಗ್ರಿ, ವಿಧಾನ, ಗೋಪ್ಯತೆಯ ಏರ್ಪಾಡು ಎಲ್ಲವನ್ನೂ ಸಮಿತಿ ಮೊದಲೇ ಪರಿಶೀಲಿಸಬೇಕು ಎಂದೂ ಹೇಳಿದೆ. ಸಮಿತಿ ಒಪ್ಪುವುದು ಪತ್ರವನ್ನು. ತಿಳಿಸುವ ಹೊಣೆ ಸಂಶೋಧಕರದು, ಅದನ್ನು ಸಮಿತಿಯ ಮೊಹರಿನ ಹಿಂದೆ ಅಡಗಿಸುವಂತಿಲ್ಲ.

ಆರನೆಯ ವಾದ ಮುಚ್ಚುಮರೆ ಇಲ್ಲದ್ದು: "ತಿಳಿಯಿತೋ ಇಲ್ಲವೋ ಎಂದು ಪರೀಕ್ಷಿಸುತ್ತ ಕೂತರೆ ಜನ ಓಡಿಹೋಗುತ್ತಾರೆ. ಸ್ಯಾಂಪಲ್ ಬೀಳುತ್ತದೆ. ಡಿಸರ್ಟೇಶನ್ ಮುಗಿಯುವುದು ಹೇಗೆ?" ಇದು ನನ್ನ ವಾದವನ್ನೇ ಬೇರೆ ಮಾತಿನಲ್ಲಿ ಹೇಳಿದಂತಾಯಿತು. ತಿಳಿಸಿದರೆ ಓಡಿಹೋಗುವ ಜನ ಈಗ ಏಕೆ ಉಳಿದಿದ್ದಾರೆ? ತಿಳಿಯದ್ದರಿಂದ. ಮೊದಲ ವಾದದಲ್ಲಿ ಎಲ್ಲರೂ ಓದಿ ತಿಳಿದೇ ಒಪ್ಪಿದ್ದರು. ಆರನೆಯದಕ್ಕೆ ಬರುವಷ್ಟರಲ್ಲಿ ತಿಳಿಸಿದರೆ ಒಪ್ಪುವುದಿಲ್ಲ ಎಂದಾಯಿತು. ಎರಡನ್ನೂ ಒಬ್ಬರೇ, ಒಂದೇ ಮಧ್ಯಾಹ್ನ ನನಗೆ ಹೇಳಿದ್ದಾರೆ. ಎರಡರಲ್ಲಿ ಒಂದನ್ನು ಅವರು ಬಿಟ್ಟುಕೊಡಬೇಕು.

ಸಂಶೋಧನೆ ನಿಲ್ಲಲಿ ಎಂದು ನನ್ನ ಆಸೆಯಲ್ಲ. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರು ಒಂದು ಪ್ರಯೋಗದಲ್ಲಿ ಭಾಗಿಯಾದರು. ಹೆರಿಗೆಯಾದ ಕೂಡಲೇ ಅರ್ಧದಷ್ಟು ಜನರಿಗೆ ಮಿಸೊಪ್ರೊಸ್ಟಾಲ್ ಗುಳಿಗೆ, ಉಳಿದವರಿಗೆ ಅದರಂತೆಯೇ ಕಾಣುವ, ಔಷಧವಿಲ್ಲದ ಗುಳಿಗೆ. ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿಯಿತು; 2006ರಲ್ಲಿ ಲ್ಯಾನ್ಸೆಟ್ ಅದನ್ನು ಪ್ರಕಟಿಸಿತು. ಜಗತ್ತಿನ ಬಾಣಂತಿಯರಿಗೆ ಬೇಕಾದ ಒಂದು ಉತ್ತರ ನಮ್ಮ ಉತ್ತರ ಕರ್ನಾಟಕದ ಹಳ್ಳಿಯ ಹೆಂಗಸರಿಂದ ಬಂತು. ಅಂಥವರ ಮೈಯಿಂದ, ಮನಸ್ಸಿನಿಂದ ವಿದ್ಯೆ ಹುಟ್ಟುವಾಗ 'ನಿನಗೆ ಬರೀ ಗುಳಿಗೆ ಬರಬಹುದವ್ವಾ' ಎಂದು ತಿಳಿಯುವ ಹಾಗೆ ಹೇಳುವುದು ನಾವು ತೀರಿಸಬೇಕಾದ ಅವರ ಋಣ. ದಾರಿ ಯಾವುದು ಎಂಬುದೂ ಗೊತ್ತಿದೆ. ತಿಳಿವಳಿಕೆ ಹೆಚ್ಚಿಸುವ ಉಪಾಯಗಳನ್ನು ಒಟ್ಟು ಹಾಕಿ ನೋಡಿದ 2004ರ ಒಂದು ವಿಮರ್ಶೆ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂದಿದೆ. ವಿಡಿಯೊ, ತಿದ್ದಿ ಬರೆದ ಪತ್ರ ಇವುಗಳಿಂದ ಆದ ಲಾಭ ಅಷ್ಟಕ್ಕಷ್ಟೇ. ಒಬ್ಬ ಮನುಷ್ಯ ಇನ್ನೊಬ್ಬನ ಜೊತೆ ಹೆಚ್ಚು ಹೊತ್ತು ಮಾತಾಡಿದಾಗಲೇ ಹೆಚ್ಚು ಫಲ. "ಒಂದು ವಿಡಿಯೊ ಹಾಕಿದರಾಯಿತು" ಎನ್ನುವವರು ಇದನ್ನು ಗಮನಿಸಲಿ. ಲಿಂಕಿನ ಜೊತೆ ಒಂದು ಫೋನ್ ನಂಬರು ಇರಲಿ, ಅದನ್ನು ಎತ್ತುವವರಿರಲಿ, ಮೊದಲ ಪುಟದ ಕೊನೆಗೆ ಮೂರು ಸರಳ ಪ್ರಶ್ನೆ ಇರಲಿ: ನಡುವೆ ಬಿಡಬಹುದೇ? ನಿಮ್ಮ ಉತ್ತರ ಯಾರು ನೋಡುತ್ತಾರೆ? ಇದರಿಂದ ನಿಮಗೆ ಏನು ಸಿಗುತ್ತದೆ? ತಪ್ಪಿದರೆ ಹೊರಗೆ ಹಾಕುವುದಲ್ಲ, ಇನ್ನೊಮ್ಮೆ ಹೇಳುವುದು. ಬಲೆಯ ಪ್ರಶ್ನೆ ಇಡಲು ಬರುವವರಿಗೆ ಇದೂ ಬರುತ್ತದೆ.

ಉಳಿದದ್ದು ಒಂದೇ ವಾದ: "ಜನಕ್ಕೆ ತಿಳಿಯುವ ಆಸೆಯೇ ಇಲ್ಲ. ನೀವು ಹೇಳಿದರೂ ಅವರು ಕೇಳುವುದಿಲ್ಲ." ಹೊಲಿಗೆಯ ಆ ಹೆಣ್ಣುಮಗಳಿಗೆ ನಾನು ಆ ಪುಟವನ್ನು ನಮ್ಮ ಮಾತಿನಲ್ಲಿ ಹೇಳಿದೆ. ಐದು ನಿಮಿಷ ಹಿಡಿಯಿತು. ದಂಡ ಇಲ್ಲ ಎಂದಾಗ ನಕ್ಕರು. ಆಮೇಲೆ ಸುಮ್ಮನಾಗಿ ಫೋನಿನ ಮೇಲ್ತುದಿಯಲ್ಲಿದ್ದ ಇ-ಮೇಲ್ ವಿಳಾಸ ತೋರಿಸಿದರು.

"ಇದು ನನ್ನ ಮಗನ ಫೋನ್ ಐತ್ರಿ ಸರ. ಮನ್ಯಾಗ ಕೈ ಮಾಡ್ತಾರೇನು ಅಂತ ಕೇಳ್ಯಾರ. ನಾ ಒತ್ತಿದ್ದು ಅವಗ ಕಾಣ್ತದೇನ್ರಿ?"

ಒಪ್ಪಿಗೆ ಪತ್ರದಲ್ಲಿ ಗೋಪ್ಯತೆ ಎಂಬ ಪದ ನಾಲ್ಕು ಸಲ ಇತ್ತು. ಈ ಪ್ರಶ್ನೆಗೆ ಉತ್ತರ ಇರಲಿಲ್ಲ. ನನಗೂ ಗೊತ್ತಿರಲಿಲ್ಲ. ಬಲ್ಲ ಹುಡುಗನೊಬ್ಬನಿಗೆ ಫೋನ್ ಮಾಡಿ ಕೇಳಿದೆ. ಗೂಗಲ್ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಅರ್ಧ ತುಂಬಿದ ಉತ್ತರಗಳು 30 ದಿನ ಹಾಗೆಯೇ ಉಳಿಯುತ್ತವೆ. ಅದೇ ಖಾತೆಯಿಂದ ಲಿಂಕ್ ತೆರೆದವರಿಗೆ ಕಾಣುತ್ತವೆ ಎಂದ. ಸಂಶೋಧಕರು ಕೇಳಿಕೊಳ್ಳದ, ಸಮಿತಿ ಕೇಳದ, ಲಿಂಕ್ ಕಳಿಸಿದ ಸಂಘದಲ್ಲಿ ಯಾರಿಗೂ ಹೊಳೆಯದ ಪ್ರಶ್ನೆಯನ್ನು, ತಿಳಿಯುವ ಆಸೆಯೇ ಇಲ್ಲ ಎನಿಸಿಕೊಂಡ ಆಕೆ ಐದು ನಿಮಿಷದಲ್ಲಿ ಕೇಳಿದ್ದರು.

ಏನು ತುಂಬಿದ್ದರೋ ನಾನು ನೋಡಲಿಲ್ಲ. ಎಲ್ಲವನ್ನೂ ಅಳಿಸುವ ಗುಂಡಿ ಎಲ್ಲಿದೆ ಎಂದು ತೋರಿಸಿದೆ. ತಾವೇ ಒತ್ತಿದರು. ಇನ್ನೊಮ್ಮೆ ಲಿಂಕ್ ತೆರೆದು ಖಾಲಿ ಪುಟ ನೋಡಿ ಕೇಳಿದರು: "ಎಲ್ಲಾ ಹೋತಲ್ರಿ ಸರ?"